ಔಷಧ ಹಾಕಿದ ಮರ: ನೀವು ಕೇಳಿ, ತಜ್ಞರು ಉತ್ತರಿಸುತ್ತಾರೆ

ನಿರ್ವಾಹಕರು: ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಮನೆ ಕಟ್ಟುತ್ತಿರುವವರ ಈ ಗುಂಪಿನಲ್ಲಿ ಇಂದು ಗೆದ್ದಲು, ಹುಳು ತಡೆಯಲು ಔಷಧ ಹಾಕಿದ ಮರದ ಬಗ್ಗೆ ಪ್ರಶ್ನೋತ್ತರ. ಉತ್ತರಿಸುವವರು ಮರ ಸಂಸ್ಕರಣಾ ಘಟಕಗಳಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್. ಫಾರ್ವರ್ಡ್ ಸಂದೇಶಗಳನ್ನು ಹಾಕಬೇಡಿ.

ಹರಿಹರದ ಸದಸ್ಯ: ನಮಸ್ಕಾರ ಸರ್. ಸಾಗುವಾನಿ ಕೊಳ್ಳುವ ಶಕ್ತಿ ಇಲ್ಲ. ಔಷಧ ಹಾಕಿದ ನೀಲಗಿರಿಯಿಂದ ಬಾಗಿಲು, ಕಿಟಕಿಗಳ ಚೌಕಟ್ಟು ಮಾಡಿಸಬಹುದೇ?

ತಜ್ಞರು: ಮಾಡಿಸಬಹುದು. ಒಳಬಾಗಿಲಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಸಂಸ್ಕರಣೆ ಸಾಕು. ಅದು ಮಳೆನೀರಿಗೆ ತೊಳೆದುಹೋಗುವುದರಿಂದ ಹೊರಗಿನ ಕಿಟಕಿಗೆ ಆಗುವುದಿಲ್ಲ. ಅಲ್ಲಿಗೆ ಆರ್ಸೆನಿಕ್ ಎಂಬ ವಿಷ ಇಲ್ಲದ, ತಾಮ್ರ ಆಧಾರಿತ ಔಷಧ ಕೇಳಿ. ಯಾವ ಔಷಧ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮರ ಒಣಗಿದ ಮೇಲೆ ಕೊಯ್ತ, ತೂತು, ಕೂಡುಗಳನ್ನೆಲ್ಲ ಮುಗಿಸಿ ಆಮೇಲೆ ಔಷಧ ಹಾಕಿಸಿ. ನೀಲಗಿರಿಯ ಕೆಚ್ಚಿನೊಳಗೆ ಔಷಧ ಇಳಿಯುವುದು ಕಷ್ಟ. ಔಷಧ ಹಾಕಿಸಿದ ಮೇಲೆ ಕೊಯ್ದರೆ ಗೆದ್ದಲಿಗೆ ನೀವೇ ದಾರಿ ತೆರೆದಂತೆ. ಕೊಯ್ಯಲೇಬೇಕಾಗಿ ಬಂದರೆ ಆ ಮುಖಕ್ಕೆ ಮತ್ತೆ ಔಷಧ ಬಳಿಸಿ.

ಹಿರಿಯೂರಿನ ಸದಸ್ಯ: ಗಾಡಿಯ ಸುಟ್ಟ ಆಯಿಲ್ ಬಳಿದರೆ ಇಪ್ಪತ್ತು ವರ್ಷ ಗೆದ್ದಲು ಹತ್ತುವುದಿಲ್ಲ ಎಂಬ ಸಂದೇಶ ಬಂದಿದೆ. ನಿಜವೇ ಸರ್?

ತಜ್ಞರು: ಅಲ್ಲ. ಅದು ಮೇಲ್ಮೈಯಲ್ಲೇ ಉಳಿಯುತ್ತದೆ. ಅದರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳಿರುತ್ತವೆ. ಮನೆಯೊಳಗೆ ಬೇಡವೇ ಬೇಡ.

ಚಿತ್ರದುರ್ಗದ ಸದಸ್ಯೆ: ಸ್ನಾನದ ಮನೆಗೆ ಮರದ ಬಾಗಿಲು ಒಳ್ಳೆಯದೋ, ಪಿವಿಸಿ ಬಾಗಿಲೋ?

ದಾವಣಗೆರೆಯ ಸದಸ್ಯೆ: ಸರ್, ನಮ್ಮ ಭಾವನವರದು ಮಂಡಕ್ಕಿ ಭಟ್ಟಿ. ಹಳೆಯ ಕಾರ್ಖಾನೆಯ ಕೂಲಿಂಗ್ ಟವರ್ (ಬಿಸಿನೀರು ತಣಿಸುವ ಗೋಪುರ) ಕಳಚಿದ ಹಲಗೆಗಳನ್ನು ಗುಜರಿಯಲ್ಲಿ ಅಗ್ಗಕ್ಕೆ ಕೊಂಡು ಒಂದು ತಿಂಗಳಿನಿಂದ ಒಲೆಗೆ ಹಾಕುತ್ತಿದ್ದಾರೆ. ಒಡೆದಾಗ ಅಂಚಿನಲ್ಲಿ ಹಸಿರು ಛಾಯೆ ಕಾಣುತ್ತದೆ. ಬೂದಿಯನ್ನು ಅಕ್ಕ ಪಾತ್ರೆ ತೊಳೆಯಲು ತರುತ್ತಾಳೆ, ಉಳಿದದ್ದು ತಿಪ್ಪೆಗೆ ಹೋಗುತ್ತದೆ. ಅಕ್ಕನಿಗೆ ಈಚೆಗೆ ಹೊಟ್ಟೆನೋವು, ಕೈಕಾಲು ಜೋಮು. ಮರಕ್ಕೂ ಇದಕ್ಕೂ ಸಂಬಂಧ ಇರಬಹುದೇ?

ತಜ್ಞರು: ಅಮ್ಮಾ, ಭಟ್ಟಿಗೆ ಆ ಮರ ಹಾಕುವುದನ್ನು ಈ ಕ್ಷಣವೇ ನಿಲ್ಲಿಸಲು ಹೇಳಿ. ಉಳಿದದ್ದನ್ನು ಆಮೇಲೆ ಓದಿ.

ಸದಾ ನೀರು ಬೀಳುವ ಕೂಲಿಂಗ್ ಟವರಿನ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ ಲವಣವನ್ನು ಒತ್ತಡದಲ್ಲಿ ತುಂಬುವುದು ವಾಡಿಕೆ. ಸೊಂಟಿ ಕಾಮೇಶಂ 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ ಮಿಶ್ರಣ ಅದು. ಆಸ್ಕು ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹೋಯಿತು. ಮರ ಕಾಯುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಆರ್ಸೆನಿಕ್ ಭಯದಿಂದಲೇ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ಕೈಬಿಟ್ಟರು. ನಿಮ್ಮ ಹಲಗೆಯಲ್ಲಿ ಇರುವುದು ಅದೇ ಎಂದು ಪ್ರಯೋಗಾಲಯವೇ ಹೇಳಬೇಕು. ಹೇಳುವವರೆಗೆ ಅದೇ ಎಂದು ತಿಳಿದು ನಡೆದುಕೊಳ್ಳಿ.

ಆರ್ಸೆನಿಕ್ ಧಾತು. ಬೆಂಕಿ ಅದನ್ನು ನಾಶಮಾಡಲಾರದು. ಸ್ವಲ್ಪ ಭಾಗ ಹೊಗೆಯಲ್ಲಿ ಏರಿ ಭಟ್ಟಿಯಲ್ಲಿ ನಿಂತವರ ಎದೆಗೆ ಇಳಿಯುತ್ತದೆ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ನೂರು ಕಿಲೋ ಸೌದೆಗೆ ಒಂದೆರಡು ಕಿಲೋ ಬೂದಿ ಬಂದರೆ, ಹೊಗೆಯಲ್ಲಿ ಹೋಗದೆ ಉಳಿದ ವಿಷವೆಲ್ಲ ಆ ಒಂದೆರಡು ಕಿಲೋದಲ್ಲಿ ಸಾಂದ್ರವಾಗಿರುತ್ತದೆ. ಅದರಿಂದ ನೀವು ಊಟದ ತಟ್ಟೆ ಉಜ್ಜುತ್ತಿದ್ದೀರಿ. ಚಳಿಗೆ ಇಂಥ ಮರ ಉರಿಸುತ್ತಿದ್ದ ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಕುಟುಂಬ ಕಾಯಿಲೆ ಬಿದ್ದು, ಕೂದಲು ಉದುರಿದ ವರದಿ 1984ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.

ಅಕ್ಕನನ್ನೂ ಭಟ್ಟಿಯ ಕೆಲಸಗಾರರನ್ನೂ ಇಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ‘ಔಷಧ ಹಾಕಿದ ಮರ ಉರಿಸಿದ್ದೇವೆ, ಆರ್ಸೆನಿಕ್ ಇರಬಹುದು, ಮೂತ್ರ ಪರೀಕ್ಷೆ ಬೇಕೇ ನೋಡಿ’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ಬೂದಿಯನ್ನು ಒಣಗಿರುವಾಗ ಗುಡಿಸಬೇಡಿ. ಆರಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಕೈಗವಸು, ಮಾಸ್ಕ್ ಹಾಕಿಕೊಂಡು ದಪ್ಪ ಚೀಲದಲ್ಲಿ ತುಂಬಿ, ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಮಂಡಕ್ಕಿ ಹುರಿಯುವ ಮರಳನ್ನೂ ಬದಲಿಸಿ, ಹಳೆಯದನ್ನು ಹಾಗೆಯೇ ತುಂಬಿಡಿ. ಈ ತಿಂಗಳ ಮಂಡಕ್ಕಿ ಉಳಿದಿದ್ದರೆ ಮಾರಬೇಡಿ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗಬಾರದು. ಮರ, ಬೂದಿ ಎರಡನ್ನೂ ಮಳೆ ತಾಗದಂತೆ ಮುಚ್ಚಿಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಲಿಖಿತವಾಗಿ ತಿಳಿಸಿ. ಭದ್ರಾ ಕಾಲುವೆಗೆ ಸುರಿಯುವುದು, ಹೊಂಡ ತೋಡಿ ಹೂಳುವುದು ಎರಡೂ ಅಪರಾಧವೇ ಸರಿ ಎನ್ನುತ್ತೇನೆ. ಕೊಳವೆಬಾವಿಯ ನೀರು ಕುಡಿಯುವ ಊರು ನಮ್ಮದು.

ಭಟ್ಟಿಯವರ ಪರಿಚಿತ: ಅಗ್ನಿಗೆ ಹಾಕಿದ್ದೆಲ್ಲ ಶುದ್ಧವಾಗುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಹೀಗೆ ಹೆದರಿಸಿದರೆ ನಾಳೆ ದಾವಣಗೆರೆ ಮಂಡಕ್ಕಿ ಯಾರು ಕೊಳ್ಳುತ್ತಾರೆ?

ಹರಿಹರದ ಸದಸ್ಯ: ಅಣ್ಣಾ, ಹಿರಿಯರ ಕಾಲದಲ್ಲಿ ಸೌದೆಗೆ ಆರ್ಸೆನಿಕ್ ತುಂಬುತ್ತಿರಲಿಲ್ಲ. ಜಾಲಿ ಸೌದೆಯಲ್ಲಿ, ಭತ್ತದ ಹೊಟ್ಟಿನಲ್ಲಿ ಹುರಿಯುವ ಭಟ್ಟಿಗಳ ಮಾತು ಇಲ್ಲಿ ಯಾರೂ ಎತ್ತಿಲ್ಲ.

ಭಟ್ಟಿಯವರ ಪರಿಚಿತ: ಸೌದೆಯ ದರ ನಿಮಗೇನು ಗೊತ್ತು? ನೀವು ತಂದುಕೊಡುತ್ತೀರಾ?

ಹರಿಹರದ ಸದಸ್ಯ: ದರ ಗೊತ್ತು. ಆಸ್ಪತ್ರೆಯ ದರವೂ ಗೊತ್ತು.

ಭಟ್ಟಿಯವರ ಪರಿಚಿತ: ಬಡಗಿ ಕೆಲಸ ನೋಡಿಕೊಳ್ಳಿ ಸ್ವಾಮಿ.

ನಿರ್ವಾಹಕರು: ವೈಯಕ್ತಿಕ ಮಾತು ಬೇಡ.

ಹೊಳಲ್ಕೆರೆಯ ಸದಸ್ಯ: ಫಾರ್ವರ್ಡ್ ಬಂದಿದೆ: ‘ವಿಷದ ಮರವನ್ನು ಬ್ಲೀಚಿಂಗ್ ಪುಡಿ, ಅರಿಶಿನ, ಗೋಮೂತ್ರದ ನೀರಿನಲ್ಲಿ ಮೂರು ದಿನ ನೆನೆಸಿದರೆ ನಿರ್ವಿಷ. ಎಲ್ಲರಿಗೂ ತಲುಪಿಸಿ.’ ಇದನ್ನು ಮಾಡಬಹುದಲ್ಲವೇ?

ತಜ್ಞರು: ಮಾಡಬೇಡಿ, ಯಾರಿಗೂ ತಲುಪಿಸಬೇಡಿ. ಬ್ಲೀಚ್ ಮರದಲ್ಲಿರುವ ಕ್ರೋಮಿಯಂ ಅನ್ನು ಇನ್ನೂ ವಿಷಕಾರಿಯಾದ ಹೆಕ್ಸಾವೇಲೆಂಟ್ ಎಂಬ ರೂಪಕ್ಕೆ ತಿರುಗಿಸುತ್ತದೆ. ನೆನೆಸಿದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಇದನ್ನು ಬರೆದವನಿಗೆ ಮರವೂ ಗೊತ್ತಿಲ್ಲ, ವಿಷವೂ ಗೊತ್ತಿಲ್ಲ. ಫಾರ್ವರ್ಡ್ ಬೇಡ ಎಂದು ಮೊದಲೇ ಹೇಳಲಾಗಿತ್ತು.

ಚಿಕ್ಕಜಾಜೂರಿನ ಸದಸ್ಯ: ಹಳೆಯ ರೈಲ್ವೆ ಸ್ಲೀಪರ್ ಮರ ಸಿಕ್ಕಿದೆ. ಅಂಗಳದಲ್ಲಿ ಮಕ್ಕಳಿಗೆ ಕೂರುವ ಬೆಂಚು ಮಾಡಿಸಲೇ?

ತಜ್ಞರು: ಬೇಡ. ಅದರಲ್ಲಿ ಕ್ರಿಯೋಸೋಟ್ ಇರಬಹುದು. ಅದು ಕಲ್ಲಿದ್ದಲ ಟಾರಿನಿಂದ ಬರುವ ಎಣ್ಣೆ. ಬಿಸಿಲಿಗೆ ಒಸರಿ ಚರ್ಮ ಸುಡುತ್ತದೆ. ಉರಿಸಲೂ ಬೇಡ.

ಮೊಳಕಾಲ್ಮೂರಿನ ಸದಸ್ಯ: ಸುಟ್ಟ ಆಯಿಲ್‌ಗೆ ಸೀಮೆಎಣ್ಣೆ ಬೆರೆಸಿದರೆ?

ತಜ್ಞರು: ಮೇಲೆ ಓದಿ.

ಹೊಸದುರ್ಗದ ಸದಸ್ಯ: ತೋಟದಲ್ಲಿ ಸೊಪ್ಪಿನ ಮಡಿಯ ಪಕ್ಕ ಔಷಧ ಹಾಕಿದ ಕಂಬ ನೆಟ್ಟಿದ್ದೇವೆ. ಸೊಪ್ಪು ತಿನ್ನಬಹುದೇ?

ಹೊಳಲ್ಕೆರೆಯ ಸದಸ್ಯ: ಕೇಳಿದ್ದಕ್ಕೆ ಇಷ್ಟು ಸಿಟ್ಟೇಕೆ ಸರ್? ಪ್ರಶ್ನೋತ್ತರ ಎಂದಮೇಲೆ ಸಹನೆ ಇರಬೇಕು.

ತಜ್ಞರು: ಒಬ್ಬ ಹೆಣ್ಣುಮಗಳ ಕೈಕಾಲು ಜೋಮು ಹಿಡಿದಿದೆ. ನನ್ನ ಸಹನೆ ಅಲ್ಲಿಗೆ ಮೀಸಲು. ದಾವಣಗೆರೆಯವರೇ, ಉರಿಸುವುದು ನಿಂತಿತೇ?

ದಾವಣಗೆರೆಯ ಸದಸ್ಯೆ: ನಿಂತಿತು ಸರ್. ಭಾವ ಮೊದಲು ರೇಗಿದರು, ಆಮೇಲೆ ಒಲೆ ಆರಿಸಿದರು. ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೇವೆ. ಗುಜರಿಯವರಿಗೂ ಫೋನ್ ಮಾಡಿದೆ. ಅದೇ ಮರದ ಇನ್ನೊಂದು ಲೋಡು ಸೌದೆ ಒಲೆಯ ಬೆಣ್ಣೆ ದೋಸೆ ಹೋಟೆಲೊಂದಕ್ಕೆ ಹೋಗಿದೆಯಂತೆ.

ತಜ್ಞರು: ಹೋಟೆಲಿನವರಿಗೆ ನಾನೇ ಮಾತನಾಡುತ್ತೇನೆ, ನಂಬರನ್ನು ನನಗೊಬ್ಬನಿಗೇ ಕಳುಹಿಸಿ. ಬೇರೆ ಪ್ರಶ್ನೆಗಳಿಗೆ ಇಂದು ಉತ್ತರ ಇಲ್ಲ.