ನಮ್ಮ ನಂಬಿಕೆಗಳನ್ನು ನಾವೇ ಪರೀಕ್ಷಿಸಿಕೊಳ್ಳುವುದು ಹೇಗೆ?

ಪ್ರಶ್ನೆ
ವೈಚಾರಿಕತೆ ಅಂದರೆ ದೇವರು, ಜ್ಯೋತಿಷ್ಯಗಳನ್ನು ಒಪ್ಪದಿರುವುದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದನ್ನು ಬದುಕಿನ ರೀತಿಯಾಗಿ ಅನುಸರಿಸಲು ಖಚಿತ ವಿಧಾನ ಏನಾದರೂ ಇದೆಯೇ? "ಎಲ್ಲವನ್ನೂ ಪ್ರಶ್ನಿಸಿ" ಎನ್ನುವುದು ಗೊತ್ತು. ಹೇಗೆ ಎನ್ನುವುದು ಬೇಕು.

ಉತ್ತರ 1
ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ನಂಬಿಕೆಗೆ ನಾಲ್ಕು ಸಾಲು: ಹೇಳಿಕೆ ಏನು, ಶೇಕಡಾ ಎಷ್ಟು ಖಾತ್ರಿ, ಏನು ಕಂಡರೆ ಇದನ್ನು ಕೈಬಿಡುತ್ತೇನೆ, ಮತ್ತೆ ನೋಡುವ ದಿನಾಂಕ. ಮೂರನೇ ಸಾಲೇ ಜೀವಾಳ. ಅದನ್ನು ಫಲಿತಾಂಶಕ್ಕೆ ಮೊದಲೇ ಬರೆಯಬೇಕು. ಆಮೇಲೆ ಬರೆಯಹೋದರೆ ಮನಸ್ಸು ಆಗಿದ್ದಕ್ಕೆಲ್ಲ ಸಮಜಾಯಿಷಿ ಹೊಂದಿಸಿಬಿಡುತ್ತದೆ.

"ಈ ಮುಲಾಮು ತಲೆನೋವಿಗೆ ಒಳ್ಳೆಯದು" ಎಂದರೆ ಪರೀಕ್ಷೆಗೆ ಸಿಗುವುದಿಲ್ಲ. "ಹಚ್ಚಿದರೆ 1 ಗಂಟೆಯೊಳಗೆ ನೋವು ಇಳಿಯುತ್ತದೆ, ಹಚ್ಚದಿದ್ದರೆ ಇಳಿಯುವುದಿಲ್ಲ" ಎಂದು ಬರೆಯಿರಿ. ನೋವು ಬಂದಾಗಲೆಲ್ಲ ನಾಣ್ಯ ಚಿಮ್ಮಿ, ಹಚ್ಚುವುದೋ ಬಿಡುವುದೋ ಅದೇ ತೀರ್ಮಾನಿಸಲಿ. 20 ಸಲದ ಲೆಕ್ಕ ಇಡಿ. ನಾಣ್ಯ ಏಕೆಂದರೆ, ಸಾಮಾನ್ಯವಾಗಿ ನಾವು ಹಚ್ಚುವುದು ನೋವು ವಿಪರೀತವಾದಾಗ. ವಿಪರೀತಕ್ಕೇರಿದ ನೋವು ಹೇಗೂ ಇಳಿಯುವುದೇ ಹೆಚ್ಚು. ಆ ಕೀರ್ತಿ ಮುಲಾಮಿಗೆ ಹೋಗುತ್ತದೆ. ಹಚ್ಚಿದ್ದೇವೆ ಎಂಬ ಅರಿವಿನಿಂದಲೂ ನೋವು ಕಡಿಮೆ ಅನಿಸಬಹುದು, ಅದನ್ನು ಈ ಪರೀಕ್ಷೆ ಬೇರ್ಪಡಿಸುವುದಿಲ್ಲ.

ಉತ್ತರ 2
ಮೇಲಿನದಕ್ಕೆ ಒಂದು ಸೇರ್ಪಡೆ. 1960ರಲ್ಲಿ ಪೀಟರ್ ವೇಸನ್ ಎಂಬ ಮನೋವಿಜ್ಞಾನಿ 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಇದರ ಹಿಂದಿನ ನಿಯಮ ಪತ್ತೆಹಚ್ಚಿ ಎಂದರು. ಬೇರೆ ಮೂರು ಸಂಖ್ಯೆ ಹೇಳಿದರೆ ನಿಯಮಕ್ಕೆ ಹೊಂದುತ್ತದೋ ಇಲ್ಲವೋ ತಿಳಿಸುತ್ತಿದ್ದರು. ಹೆಚ್ಚಿನವರು 8, 10, 12 ಥರದ್ದನ್ನೇ ಕೇಳಿ, "ಹೌದು" ಅನ್ನಿಸಿಕೊಂಡು, "ಎರಡೆರಡು ಏರುತ್ತದೆ" ಎಂದು ತೀರ್ಮಾನಿಸಿದರು. ನಿಜವಾದ ನಿಯಮ: ಏರುವ ಯಾವ ಮೂರು ಸಂಖ್ಯೆಯಾದರೂ ಸರಿ. 1, 2, 50 ಎಂದು ಒಮ್ಮೆ ಕೇಳಿದ್ದರೆ ತಮ್ಮ ಊಹೆ ತಪ್ಪೆಂದು ತಿಳಿಯುತ್ತಿತ್ತು. ಆದ್ದರಿಂದ ನಿಮ್ಮ ಊಹೆಯ ಪ್ರಕಾರ "ಇಲ್ಲ" ಬರಬೇಕಾದ ಕಡೆ ಹುಡುಕಿ. ನಾಸ್ತಿಕರೂ ಇಲ್ಲೇ ಎಡವುತ್ತಾರೆ: ಎದುರಾಳಿಯ ವಾದಕ್ಕೆ ಹತ್ತು ಪ್ರಶ್ನೆ, ತಮ್ಮದಕ್ಕೆ ಒಂದೂ ಇಲ್ಲ.

ಪ್ರಶ್ನೆ ಕೇಳಿದವರು
ಶೇಕಡಾ ಖಾತ್ರಿಯನ್ನು ಎಲ್ಲಿಂದ ತರುವುದು? ಸುಮ್ಮನೆ ಅಂದಾಜೇ?

ಉತ್ತರ 3
ಸಾಮಾನ್ಯ ಪ್ರಮಾಣದಿಂದ, ಅಂದರೆ ಅಂಥದ್ದು ಸಾಮಾನ್ಯವಾಗಿ ಎಷ್ಟರಲ್ಲಿ ಎಷ್ಟು ನಿಜವಾಗಿರುತ್ತದೆ ಎಂಬುದರಿಂದ, ಶುರುಮಾಡಿ. ಒಂದು ಕಾಯಿಲೆ 1000 ಜನರಲ್ಲಿ ಒಬ್ಬರಿಗಿದೆ ಎಂದುಕೊಳ್ಳಿ. ಪರೀಕ್ಷೆ ಆ ಒಬ್ಬರನ್ನು ತಪ್ಪದೆ ಹಿಡಿಯುತ್ತದೆ, ಆದರೆ ಆರೋಗ್ಯವಂತರಲ್ಲೂ 5% ಜನರಿಗೆ "ಇದೆ" ಎನ್ನುತ್ತದೆ. ಹಾಗಾದರೆ "ಇದೆ" ಎನಿಸಿಕೊಂಡವರು ಸುಮಾರು 51, ನಿಜವಾಗಿ ಇರುವುದು ಒಬ್ಬರಿಗೆ. ಅಂದರೆ ಖಾತ್ರಿ 95% ಅಲ್ಲ, ಸುಮಾರು 2%. ರೋಗಲಕ್ಷಣ ಮೊದಲೇ ಇದ್ದವರಿಗೆ ಶುರುವಿನ ಪ್ರಮಾಣವೇ ಬೇರೆ, ಉತ್ತರವೂ ಬೇರೆ.

ಆಮೇಲೆ ನಿಮ್ಮ ಅಂದಾಜನ್ನೇ ಅಳೆಯಿರಿ. 70% ಎಂದು ಬರೆದ 20 ಹೇಳಿಕೆಗಳಲ್ಲಿ 14ರ ಆಸುಪಾಸು ನಿಜವಾಗಬೇಕು. 9 ಮಾತ್ರ ಆದರೆ ನಿಮ್ಮ 70ನ್ನು ಇಳಿಸಬೇಕು.

ಎಲ್ಲವನ್ನೂ ನೀವೇ ಪರೀಕ್ಷಿಸಬೇಕೆಂದಿಲ್ಲ. ತಜ್ಞರ ಮಾತು ಒಪ್ಪುವುದು ಗುಲಾಮಗಿರಿಯಲ್ಲ. ಅವರ ಹೇಳಿಕೆಯನ್ನು ಬೇರೆಯವರು ಪರೀಕ್ಷಿಸಲು ಆಗುತ್ತದೆಯೇ, ತಪ್ಪಾದಾಗ ತಿದ್ದಿಕೊಂಡಿದ್ದಾರೆಯೇ, ಇಷ್ಟು ನೋಡಿ.