ಗಂಗಾವತಿ ಹತ್ತಿರ ಮಕ್ಕಳು ನೀರಾಡೋಕೆ ಗದ್ದಲವಿಲ್ಲದ ಹೊಳೆದಂಡೆ ಯಾವುದು?

ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬೆಂಗಳೂರಿನಿಂದ ಗಂಗಾವತಿಗೆ ಬರುತ್ತಿದ್ದಾರೆ. ಹುಡುಗನಿಗೆ ಒಂಬತ್ತು, ಹುಡುಗಿಗೆ ಹನ್ನೆರಡು. ಈಜು ಅಷ್ಟಕ್ಕಷ್ಟೇ. ತುಂಗಭದ್ರೆಯಲ್ಲಿ ಆಡಲೇಬೇಕು ಅಂತ ಫೋನಿನಲ್ಲಿ ಈಗಿನಿಂದಲೇ ಹಟ ಹಿಡಿದಿದ್ದಾರೆ. ರಜೆ ದಿನ ಸಾಣಾಪುರದಲ್ಲಿ ಕಾಲಿಡೋಕೆ ಜಾಗ ಇರಲ್ಲ. ಊರಿನವರೇ ಹೋಗುವ, ಶಾಂತವಾದ ಜಾಗ ಇದ್ದರೆ ಹೇಳಿ. ಅಮ್ಮನೂ ಜೊತೆಗೆ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಬಂಡೆ ಹತ್ತೋಕೆ ಆಗಲ್ಲ.

ಆನೆಗೊಂದಿ ಕಡೆಯವರು:

ನಾನು ಈಜು ಕಲಿತದ್ದು ಈ ಹೊಳೆಯಲ್ಲೇ. ಅಪ್ಪ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ನೀರಿಗೆ ಬಿಡುತ್ತಿದ್ದರು. ಅದಕ್ಕೇ ಒಂದು ಮಾತು ನೇರವಾಗಿ ಹೇಳುತ್ತೇನೆ. ಬರೀ ಜಾಗದ ಹೆಸರು ಕೇಳಿಕೊಂಡು ಹೋಗಬೇಡಿ. ಹೋದ ವರ್ಷ ಮೊಣಕಾಲುದ್ದ ನೀರಿದ್ದ ಕಡೆ ಈ ವರ್ಷ ಮಡು ಬಿದ್ದಿರಬಹುದು. ಮಳೆಗಾಲದ ಹೊಳೆ ಮರಳನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ.

ಹೆಂಗಸರು ಬಟ್ಟೆ ಒಗೆಯುವ, ದನ ನೀರು ಕುಡಿಯುವ ದಂಡೆ ಹುಡುಕಿ. ಅಲ್ಲಿ ದಿನಾ ಜನ ಇಳಿಯುತ್ತಾರೆ. ಎಲ್ಲಿ ಪಾಚಿ ಇದೆ, ಆಳ ಎಲ್ಲಿಂದ ಶುರು ಅಂತ ಅವರಿಗೆ ಗೊತ್ತು. ‘ಅಕ್ಕಾ, ಇಲ್ಲಿ ಹುಡುಗ್ರು ಇಳೀಬಹುದೇನ್ರೀ? ಮುಂದ ಮಡು ಐತೇನು?’ ಅಂತ ಕೇಳಿ, ಕೈ ಮಾಡಿ ತೋರಿಸುತ್ತಾರೆ. ನೋಡೋಕೆ ಬಹಳ ಚೆಂದ ಇದ್ದೂ ಊರಿನ ಒಬ್ಬರೂ ಇಳಿಯದ ಜಾಗ ಕಂಡರೆ, ಸುಮ್ನೆ ಮುಂದೆ ಹೋಗಿ. ಬಂಡೆಗಳ ಸಂದಿಯಲ್ಲಿ ನೀರು ಮೇಲೆ ನಿಂತ ಹಾಗೆ ಕಾಣುತ್ತದೆ, ಕೆಳಗೆ ಸೆಳವು ಎಳೆಯುತ್ತಿರುತ್ತದೆ. 2025ರ ಫೆಬ್ರವರಿಯಲ್ಲಿ ಸಾಣಾಪುರದ ಹತ್ತಿರ ಹೈದರಾಬಾದಿನಿಂದ ಬಂದಿದ್ದ ಯುವ ವೈದ್ಯೆಯೊಬ್ಬರು ಬಂಡೆ ಮೇಲಿಂದ ಹೊಳೆಗೆ ಹಾರಿ ಕೊಚ್ಚಿಹೋದರು. ಆ ಸುದ್ದಿ ನೆನೆದರೆ ಈಗಲೂ ಸಂಕಟ ಆಗುತ್ತದೆ. ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆತನ್ನಿ: ಹಾರುವಂತಿಲ್ಲ, ಸೊಂಟಕ್ಕಿಂತ ಮೇಲೆ ನೀರು ಬಂದರೆ ವಾಪಸ್.

ಗಂಗಾವತಿಯ ಶಿಕ್ಷಕಿ:

ಅಣ್ಣಾ ಹೇಳಿದ್ದು ಸರಿ. ನಾನು ದಿನದ ಬಗ್ಗೆ ಹೇಳುತ್ತೇನೆ. ಹುಲಗಿ ಕಡೆ ಹೋಗುವುದಾದರೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಡಿ. ಹುಲಿಗೆಮ್ಮನ ದರ್ಶನಕ್ಕೆ ಬಂದವರೆಲ್ಲ ಹೊಳೆಯಲ್ಲೇ ಸ್ನಾನ ಮಾಡುತ್ತಾರೆ. ಶನಿವಾರ ಅಂಜನಾದ್ರಿಗೆ ಬರುವ ಜನರಿಂದ ಆನೆಗೊಂದಿ ರಸ್ತೆ ತುಂಬಿರುತ್ತದೆ. ಬುಧವಾರ, ಗುರುವಾರ ಒಳ್ಳೆಯದು.

ಬೆಳಿಗ್ಗೆ ಆರೂವರೆಗೆ ಹೋಗಿ. ಒಂಬತ್ತರ ಮೇಲೆ ಬಂಡೆ ಕಾದು, ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ. ಅಮ್ಮ ಬರುತ್ತಾರೆ ಅಂದಿರಲ್ಲ, ಆನೆಗೊಂದಿಯ ಚಿಂತಾಮಣಿ ಗುಡಿ ಹತ್ತಿರದ ದಂಡೆ ನನಗೆ ಇಷ್ಟ. ದೇವಸ್ಥಾನದ ನೆರಳಲ್ಲಿ ಕೂತು ಹೊಳೆ ನೋಡಬಹುದು. ಅಲ್ಲಿ ಕಾಲು ಇಳಿಬಿಟ್ಟು ಕೂರೋದಷ್ಟೇ ಮಾಡಿ. ಮಕ್ಕಳ ಆಟಕ್ಕೆ ಬಟ್ಟೆ ಒಗೆಯುವ ದಂಡೆಯೇ ಬೇರೆ ಹುಡುಕಿ. ಹುಡುಗಿಯನ್ನು ಹೆಂಗಸರಿರುವ ಕಡೆಗೇ ಕರೆದುಕೊಂಡು ಹೋಗಿ. ಬಟ್ಟೆ ಬದಲಿಸೋಕೆ ಅವರೇ ಸೀರೆ ಅಡ್ಡ ಹಿಡಿಯುತ್ತಾರೆ. ಈ ಉಪಕಾರವನ್ನು ನಾನು ಕಂಡಿದ್ದೇನೆ. ಅವರು ಒಗೆಯುವ ಕಲ್ಲಿನ ಮೇಲೆ ಮಾತ್ರ ನಿಮ್ಮ ಚೀಲ ಇಡಬೇಡಿ. ಅದು ಅವರ ಕೆಲಸದ ಜಾಗ.

ಕತ್ತಲಾದ ಮೇಲೆ ಎಲ್ಲೂ ಉಳಿಯಬೇಡಿ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ಆದ ದಾಳಿ ನಮಗೆಲ್ಲ ಗೊತ್ತಿದೆ.

ಮುನಿರಾಬಾದಿನ ರೈತರು:

ಹೋಗುವ ದಿನ ಪೇಪರಿನಲ್ಲಿ ತುಂಗಭದ್ರಾ ಡ್ಯಾಮಿನ ಹೊರಹರಿವು ನೋಡಿ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಬೇಸಿಗೆಯಲ್ಲಿ ಹೊಳೆ ಇಳಿದಿರುತ್ತದೆ, ಸರಿ. ಜುಲೈನಿಂದ ಆಚೆ, ಡ್ಯಾಮ್ ತುಂಬುತ್ತಾ ಬಂದ ಹೊತ್ತಿಗೆ ಗೇಟ್ ಎತ್ತುತ್ತಾರೆ. ಲಕ್ಷ ಕ್ಯುಸೆಕ್ ದಾಟಿದರೆ ಕಂಪ್ಲಿ ಸೇತುವೆಯೇ ಮುಳುಗುತ್ತದೆ, ನವಬೃಂದಾವನಕ್ಕೆ ಬೋಟ್ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾದಾಗ ಹೊಳೆದಂಡೆ ಊರುಗಳಲ್ಲಿ ಎಲ್ಲರಿಗೂ ಎಷ್ಟು ದಿಗಿಲಿತ್ತು! ಮಳೆಗಾಲದಲ್ಲಿ ಕೇಳಿದ್ದರೆ ಹೊಳೆಗೆ ಹೋಗಲೇಬೇಡಿ ಅನ್ನುತ್ತಿದ್ದೆ.

ಇನ್ನೊಂದು, ಇದು ಬಹಳ ಮುಖ್ಯ. ಹೊಳೆ ದೂರ ಅಂತ ಮಕ್ಕಳನ್ನು ಕಾಲುವೆಗೆ ಇಳಿಸಬೇಡಿ. ಎಡದಂಡೆ ಕಾಲುವೆ ನೋಡೋಕೆ ಸೌಮ್ಯವಾಗಿ ಕಾಣುತ್ತದೆ. ಪಕ್ಕದ ಇಳಿಜಾರು ಪಾಚಿ ಕಟ್ಟಿ ಸೋಪು ಹಚ್ಚಿದ ಹಾಗೆ ಜಾರುತ್ತದೆ, ಹಿಡಿಯೋಕೆ ಏನೂ ಸಿಗಲ್ಲ. ಚೆನ್ನಾಗಿ ಈಜು ಬರುವವರಿಗೂ ಹತ್ತೋಕೆ ಆಗಲ್ಲ. ಹೊಳೆಯಲ್ಲಾದರೆ ಬಂಡೆಯೋ ಮರಳೋ ಕಾಲಿಗೆ ಸಿಗುತ್ತದೆ.

ಒಂದು ಉದ್ದ ಹಗ್ಗ, ಮುಚ್ಚಳ ಬಿಗಿ ಇರುವ ಖಾಲಿ ಕ್ಯಾನ್ ಒಯ್ಯಿರಿ. ಯಾರಾದರೂ ಸೆಳವಿಗೆ ಸಿಕ್ಕರೆ ಹಿಂದೆ ಹಾರಬೇಡಿ, ಕ್ಯಾನ್ ಕಟ್ಟಿದ ಹಗ್ಗ ಎಸೆಯಿರಿ. ಹಗ್ಗ ಇಲ್ಲದಿದ್ದರೆ ಸೀರೆಯೂ ಆದೀತು.

ಕಂಪ್ಲಿಯಿಂದ:

ಮೊಸಳೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಹೊಳೆಯಲ್ಲಿ ಮೊಸಳೆ ಇವೆ. ಬಿಸಿಲಿಗೆ ಮರಳ ಮೇಲೆ, ಚಪ್ಪಟೆ ಬಂಡೆ ಮೇಲೆ ಮಲಗುತ್ತವೆ. ಜನ ಓಡಾಡದ ಮಡು, ಜೊಂಡು ಬೆಳೆದ ದಂಡೆ, ಮುಸ್ಸಂಜೆ ಹೊತ್ತು ಬೇಡ. ಊರಿನ ಮೀನುಗಾರರನ್ನು ಕೇಳಿದರೆ ಈಚೆಗೆ ಎಲ್ಲಿ ಕಂಡಿದೆ ಅಂತ ಹೇಳುತ್ತಾರೆ.

ಅದೃಷ್ಟ ಇದ್ದರೆ ಮಕ್ಕಳಿಗೆ ನೀರುನಾಯಿ ಕಾಣಿಸುತ್ತದೆ. ಡ್ಯಾಮಿನ ಕೆಳಗಿಂದ ಕಂಪ್ಲಿಯವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ಗುಂಪಾಗಿ ಬಂದು ಮೀನು ಹಿಡಿಯುತ್ತವೆ. ಕೂಗಾಡದೆ ನೋಡಿ, ಹತ್ತಿರ ಹೋಗಬೇಡಿ. ದಯವಿಟ್ಟು ಶಾಂಪೂ ಸ್ಯಾಶೆ, ಗಾಜಿನ ಬಾಟ್ಲಿ ಬಿಟ್ಟು ಬರಬೇಡಿ. ಗಾಜು ಚುಚ್ಚಿಸಿಕೊಳ್ಳೋದು ಮರುದಿನ ಬಟ್ಟೆ ಒಗೆಯೋಕೆ ಬರುವ ತಾಯಂದಿರು, ಅಲ್ವಾ?

ಕೇಳಿದವರು:

ಎಲ್ಲರಿಗೂ ಧನ್ಯವಾದ. ಗುರುವಾರ ಬೆಳಿಗ್ಗೆ ಹೊರಡುತ್ತೇವೆ. ಮಕ್ಕಳಿಗೆ ತೆಪ್ಪದಲ್ಲೂ ಕೂರಬೇಕಂತೆ. ಅದು ಎಲ್ಲಿ ಒಳ್ಳೆಯದು?

ಆನೆಗೊಂದಿ ಕಡೆಯವರು:

ತೆಪ್ಪಕ್ಕೆ ಸಾಣಾಪುರ ಕೆರೆಗೇ ಹೋಗಿ, ಈಗ ತೆಪ್ಪ ಬಿಡುತ್ತಿದ್ದಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ವಾರದ ನಡುವೆ ಅಲ್ಲೂ ಗದ್ದಲ ಕಡಿಮೆ. ಹತ್ತುವ ಮೊದಲು ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೇಳಿ. ದೊಡ್ಡವರದು ಹಾಕಿದರೆ ನೀರಿಗೆ ಬಿದ್ದಾಗ ತಲೆ ಮೇಲೆ ಜಾರಿ ಬಂದುಬಿಡುತ್ತದೆ. ತೆಪ್ಪ ಗಿರಗಿರ ತಿರುಗಿಸುತ್ತಾರೆ, ಅಮ್ಮನಿಗೆ ತಲೆಸುತ್ತು ಬರುತ್ತಿದ್ದರೆ ಬೇಡ ಅಂತ ಮೊದಲೇ ಹೇಳಿಬಿಡಿ. ವಾಪಸ್ ಬರುವಾಗ ಹೊಟ್ಟೆ ಹಸಿದಿರುತ್ತದೆ, ದಾರಿಯಲ್ಲಿ ಒಗ್ಗರಣಿ ಮಿರ್ಚಿ ಬಿಸಿ ಬಿಸಿ ಸಿಗುತ್ತದೆ.