ದೊಡ್ಡಪ್ಪನ ಫಾರ್ವರ್ಡ್, ಅತ್ತೆಯ ಪ್ರಶ್ನೆ

ಬೆಳಗ್ಗೆ ಆರೂಕಾಲಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು.

"ಹಾರ್ವರ್ಡ್ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ! ಸಾಯುತ್ತಿರುವ ಮನುಷ್ಯನನ್ನು ದಾಟಿಕೊಂಡು ಹೋದವರು 100ಕ್ಕೆ 90 ಮಂದಿ. ಕಾರಣ, ಕೆಲಸದ ಹುಚ್ಚು. ಈಗಿನವರಲ್ಲಿ ಮನುಷ್ಯತ್ವ ಉಳಿದಿಲ್ಲ. ನಿಮ್ಮ ಮಕ್ಕಳಿಗೆ ತಪ್ಪದೆ ಓದಿಸಿ."

ಐದು ನಿಮಿಷಕ್ಕೆ ಅತ್ತೆ ಬರೆದರು: "ಪೂರ್ತಿ ನಿಜ. ನಮ್ಮ ಮನೆಯಲ್ಲೇ ನೋಡಿದ್ದೇವಲ್ಲ."

ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮೂರು ವರ್ಷದ ಹಿಂದೆ ಅಜ್ಜಿ ಆಸ್ಪತ್ರೆ ಸೇರಿದಾಗ ಅಣ್ಣ ಬಂದದ್ದು ಮೂರನೇ ದಿನ. ಆಫೀಸಿನಲ್ಲಿ ಏನೋ ಮುಗಿಸಿ ಕೊಡಬೇಕಿತ್ತು. ಮೊದಲ ಎರಡು ರಾತ್ರಿ ಅಜ್ಜಿಯ ಹಾಸಿಗೆ ಪಕ್ಕ ಕೂತವರು ಅತ್ತೆ. ಆಮೇಲೆ ಅವರು ಅಣ್ಣನ ಜೊತೆ ನೇರವಾಗಿ ಮಾತಾಡಿಲ್ಲ. ಗುಂಪಿನಲ್ಲಿ ಅವನ ಮೆಸೇಜಿಗೆ ಒಂದು ಉತ್ತರ ಕೂಡ ಕೊಟ್ಟಿಲ್ಲ.

ಏಳು ಗಂಟೆಗೆ ಭಾವ ಬಂದರು. "ಮಾವ, ಇದರ ಮೂಲ ಎಲ್ಲಿದೆ? ಯಾವ ವರ್ಷದ್ದು? ಎಷ್ಟು ಜನರ ಮೇಲೆ ಮಾಡಿದ್ದು? ಲಿಂಕ್ ಹಾಕಿ."

ದೊಡ್ಡಪ್ಪ: "ಒಳ್ಳೆಯ ಮಾತಿಗೆ ಲಿಂಕ್ ಯಾಕಪ್ಪಾ ಬೇಕು? ಮನಸ್ಸಿದ್ದರೆ ಮಾರ್ಗ. ಸಹಾಯ ಮಾಡುವವನು ಎಷ್ಟೇ ಕೆಲಸ ಇದ್ದರೂ ಮಾಡುತ್ತಾನೆ."

ಭಾವ: "2015ರಲ್ಲಿ 100 ಮನಶ್ಶಾಸ್ತ್ರ ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿ ನೋಡಿದರು. ಹಳೇ ಪ್ರಬಂಧಗಳಲ್ಲಿ ಶೇ. 97ರಷ್ಟು ಗಟ್ಟಿ ಫಲಿತಾಂಶ ಬಂದಿದೆ ಅಂತ ಇತ್ತು. ಮತ್ತೆ ಮಾಡಿದಾಗ ಹಾಗೆ ಬಂದದ್ದು ಶೇ. 36 ಮಾತ್ರ. ಆದ್ದರಿಂದ ಇಂಥದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಬೇಡಿ."

ಭಾವ ಹೇಳಿದ ಅಂಕಿ ಸರಿ. ಅವರ ಪ್ರಶ್ನೆಯೂ ನನಗೆ ಇಷ್ಟ. ಆದರೆ ಲಿಂಕ್ ಕೇಳಿದವರು ತಾವೂ ಹುಡುಕಲಿಲ್ಲ. ಚಿಕ್ಕಪ್ಪ ನಡುವೆ ಬಂದು, "ನೀವು ಹೋದ ವರ್ಷ ನಿದ್ದೆ ಬಗ್ಗೆ ಕಳಿಸಿದ್ದಕ್ಕೆ ಮೂಲ ಇತ್ತಾ?" ಅಂದರು. ಅಲ್ಲಿಂದ ಹದಿನಾಲ್ಕು ಮೆಸೇಜು ನಿದ್ದೆಯ ಮೇಲೆ. ಯಾರು ಯಾರನ್ನು ಯಾವಾಗ ಅವಮಾನ ಮಾಡಿದರು ಅನ್ನುವುದರ ಮೇಲೆ ಇನ್ನೂ ಎಂಟು.

ಆಗ ಚಿಕ್ಕಪ್ಪನ ಮಗ ಒಂದು ಫೋಟೋ ಹಾಕಿದ. ಅಜ್ಜಿ ಮನೆಯ ಹಳೇ ಸೈಕಲ್. ಒಂದೇ ಪೆಡಲ್, ಬೆಲ್ ಇಲ್ಲ. "ಮನಸ್ಸಿದ್ದರೆ ಮಾರ್ಗ ಅಂದ್ರಲ್ಲ ದೊಡ್ಡಪ್ಪ, ಇದು ನೆನಪಾಯ್ತು. ಒಂದು ಪೆಡಲ್‌ನಲ್ಲೇ ಮೂರು ಜನ ಹೋಗ್ತಿದ್ವಿ!" ಎಲ್ಲರೂ ಅತ್ತ ತಿರುಗಿದರು. ಜಗಳ ತಣ್ಣಗಾಯಿತು ಅಂದುಕೊಂಡೆ.

ಅಷ್ಟರಲ್ಲಿ ಅಣ್ಣನ ಮೆಸೇಜ್ ಬಂತು. ನಾನು ತೆರೆಯುವಷ್ಟರಲ್ಲಿ ಅವನೇ ಅಳಿಸಿದ್ದ.

ಅವನ ಬದಲು ಅತ್ತಿಗೆ ಬರೆದರು. ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಅವರು ಗುಂಪಿನಲ್ಲಿ ಏನೂ ಬರೆಯುವುದಿಲ್ಲ. "2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಲೆಕ್ಕ ಕೊಟ್ಟಿವೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದದ್ದರಿಂದ, 2016ರ ಒಂದೇ ವರ್ಷದಲ್ಲಿ ಪಾರ್ಶ್ವವಾಯು ಮತ್ತು ಹೃದಯದ ಕಾಯಿಲೆಯಿಂದ ಸುಮಾರು 7,45,000 ಜನ ಸತ್ತರು. ಅಜ್ಜಿ ಆಸ್ಪತ್ರೆಯಲ್ಲಿದ್ದ ತಿಂಗಳು ಇವರು ವಾರಕ್ಕೆ 70 ಗಂಟೆ ದುಡಿಯುತ್ತಿದ್ದರು. ಅದು ಹುಚ್ಚಲ್ಲ ಅತ್ತೆ. ಬಿಟ್ಟು ಬಂದರೆ ಕೆಲಸ ಇರುತ್ತಿರಲಿಲ್ಲ."

ಅತ್ತೆ: "ಕೆಲಸ ಎಲ್ಲರಿಗೂ ಇದೆ."

ಅದಾದ ಮೇಲೆ ಒಂದು ಗಂಟೆ ಯಾರೂ ಬರೆಯಲಿಲ್ಲ. ನನಗೆ ಸುಮ್ನೆ ಕೂರಲು ಆಗಲಿಲ್ಲ. ಫಾರ್ವರ್ಡಿನ ಹಿಂದೆ ನಿಜವಾದ ಪ್ರಯೋಗ ಯಾವುದು ಅಂತ ಹುಡುಕಿ, ಕೂತು ಓದಿದೆ.

ಅದು ಹಾರ್ವರ್ಡ್ ಅಲ್ಲ, ಪ್ರಿನ್ಸ್‌ಟನ್. ಈಗಿನವರ ಮೇಲೆ ಮಾಡಿದ್ದೂ ಅಲ್ಲ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅದನ್ನು ಪ್ರಕಟಿಸಿದ್ದು 1973ರಲ್ಲಿ. ಅಂದರೆ ಅದರಲ್ಲಿದ್ದ ಹುಡುಗರಿಗೆ ಇವತ್ತು ದೊಡ್ಡಪ್ಪನಷ್ಟು ವಯಸ್ಸು. ಅವರು ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು ಅಂತ ಅವರಿಗೆ ಹೇಳಲಾಗಿತ್ತು. ಕೆಲವರಿಗೆ, "ನಿಮಗೆ ಆಗಲೇ ತಡವಾಗಿದೆ, ಅಲ್ಲಿ ಕಾಯುತ್ತಿದ್ದಾರೆ" ಅಂದರು. ಕೆಲವರಿಗೆ ಸರಿಯಾದ ಸಮಯ, ಇನ್ನು ಕೆಲವರಿಗೆ ಬೇಕಾದಷ್ಟು ಸಮಯ. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕುಸಿದು ಕೂತಿದ್ದ. ಹತ್ತಿರ ಬಂದಾಗ ಕೆಮ್ಮುತ್ತಿದ್ದ. ಸಾಯುತ್ತಿರಲಿಲ್ಲ, ಪ್ರಯೋಗಕ್ಕೆ ಕೂರಿಸಿದ್ದವನು.

ಸಮಯ ಇದ್ದವರಲ್ಲಿ ಶೇ. 63 ಜನ ಏನಾದರೂ ಸಹಾಯ ಮಾಡಿದರು. ಸರಿಯಾದ ಸಮಯಕ್ಕೆ ಹೊರಟವರಲ್ಲಿ ಶೇ. 45. ತಡವಾದವರಲ್ಲಿ ಶೇ. 10. ಫಾರ್ವರ್ಡಿನ 90 ಬಂದದ್ದು ಈ ಕೊನೆಯ ಗುಂಪಿನಿಂದ ಮಾತ್ರ. ಒಟ್ಟು 40 ಜನ. ಭಾವನ ಅನುಮಾನಕ್ಕೆ ಇಲ್ಲಿ ಜಾಗ ಇದೆ, 40 ಜನರನ್ನು ನೋಡಿ ಜಗತ್ತಿಗೆಲ್ಲ ಅಂಕಿ ಹೇಳಲಾಗದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ವಿಷಯ. ಆ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಮಾಡಬೇಕಿದ್ದ ಭಾಷಣ ಬೈಬಲ್‌ನ ಒಂದು ಕಥೆಯ ಮೇಲೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ದೊಡ್ಡವರೆಲ್ಲ ದಾಟಿ ಹೋಗುತ್ತಾರೆ, ಯಾರೋ ಪರಕೀಯ ನಿಂತು ಆರೈಕೆ ಮಾಡುತ್ತಾನೆ, ಆ ಕಥೆ. ಅದನ್ನೇ ತಲೆಯಲ್ಲಿಟ್ಟುಕೊಂಡು ಹೋಗುತ್ತಿದ್ದವರೂ ಹೇಳಿಕೊಳ್ಳುವಷ್ಟು ಜಾಸ್ತಿ ನಿಲ್ಲಲಿಲ್ಲ. ದೊಡ್ಡಪ್ಪನ "ಮನಸ್ಸಿದ್ದರೆ ಮಾರ್ಗ" ಅಲ್ಲಿ ಸೋತಿತ್ತು. ಮನಸ್ಸು ಇದ್ದವರೇ ಅವರು. ಇಲ್ಲದಿದ್ದದ್ದು ಸಮಯ.

ಎರಡನೆಯದು, ನಿಲ್ಲದೆ ಹೋದವರಲ್ಲಿ ಕೆಲವರು ಆ ಕಟ್ಟಡ ತಲುಪಿದಾಗ ಕಳವಳದಲ್ಲಿದ್ದರಂತೆ. ಕಲ್ಲು ಮನಸ್ಸಿನವರಾಗಿ ಹೋಗಲಿಲ್ಲ. ಇಲ್ಲಿ ಒಬ್ಬನಿಗೆ ಸಹಾಯ ಬೇಕು, ಅಲ್ಲಿ ಇನ್ನೊಬ್ಬರು ತನ್ನನ್ನೇ ನಂಬಿ ಕಾಯುತ್ತಿದ್ದಾರೆ. ಆ ಎರಡರ ನಡುವೆ ಸಿಕ್ಕಿಕೊಂಡಿದ್ದರು ಅನ್ನುತ್ತಾರೆ ಪ್ರಯೋಗ ಮಾಡಿದವರು.

ಇದನ್ನು ಓದುವಾಗ ನನಗೆ ಕಂಡದ್ದು ಅಣ್ಣನ ಮುಖ. ಮೂರನೇ ದಿನ ಆಸ್ಪತ್ರೆಗೆ ಬಂದವನು ಲ್ಯಾಪ್‌ಟಾಪ್ ಚೀಲ ಹೆಗಲಿನಿಂದ ಇಳಿಸುವುದನ್ನೇ ಮರೆತು ಅಜ್ಜಿಯ ಕಾಲ ಬಳಿ ಅರ್ಧ ಗಂಟೆ ನಿಂತಿದ್ದ. ನಾನು ಅಲ್ಲೇ ಇದ್ದೆ. ಅದನ್ನು ನೋಡಿಯೂ ಇಷ್ಟು ವರ್ಷ ಗುಂಪಿನಲ್ಲಿ ಒಂದು ಮಾತು ಹೇಳದೇ ಇದ್ದದ್ದು ನನ್ನ ತಪ್ಪು.

ಎಲ್ಲವನ್ನೂ ಬರೆದು ಹಾಕಿದೆ. ದೊಡ್ಡಪ್ಪ ಕೈ ಮುಗಿಯುವ ಚಿಹ್ನೆ ಹಾಕಿದರು. ಭಾವ "ಸ್ಯಾಂಪಲ್ ಚಿಕ್ಕದು, ನಾನು ಹೇಳಿರಲಿಲ್ವಾ" ಅಂದರು. ಚಿಕ್ಕಪ್ಪನ ಮಗ ಸೈಕಲ್ಲಿನ ಇನ್ನೊಂದು ಫೋಟೋ ಹಾಕಿದ.

ಅತ್ತೆ ನನಗೆ ಪ್ರತ್ಯೇಕವಾಗಿ ಬರೆದರು: "ಅಷ್ಟುದ್ದ ಓದೋಕೆ ಆಗಲ್ಲ ಪುಟ್ಟಾ. ಫೋನ್ ಮಾಡು."

ಮಾಡಿದೆ. ಓದಿ ಹೇಳಿದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಮುಂದೆ ಹೋದ ಹುಡುಗರು, ಅಲ್ಲಿ ಹೋದ ಮೇಲಾದರೂ ಹೇಳಿದರಾ? ಒಬ್ಬ ಹೀಗೆ ಬಿದ್ದಿದ್ದಾನೆ, ನೋಡಿ ಅಂತ?"

ನಿಲ್ಲದೆ ಹೋದರೂ ಅಲ್ಲಿದ್ದವರಿಗೆ ತಿಳಿಸಿದರೆ ಅದನ್ನೂ ಸಹಾಯ ಅಂತಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಅಂದೆ.

"ಅವನು ಆ ಎರಡು ದಿನ ನನಗೆ ಗಂಟೆಗೊಂದು ಸಲ ಫೋನ್ ಮಾಡಿದ್ದ," ಅಂದರು ಅತ್ತೆ. "ನಾನು ಎತ್ತಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರೇ ಫೋನ್ ಇಟ್ಟರು.

ರಾತ್ರಿ ಗುಂಪು ತೆರೆದರೆ ಅರವತ್ತೆರಡು ಹೊಸ ಮೆಸೇಜು, ಎಲ್ಲವೂ ಸೈಕಲ್ಲಿನ ಬಗ್ಗೆ. ಕೆಳಗೆ ಇಳಿಯುತ್ತಾ ಹೋದೆ. ಬೆಲ್ ಎಲ್ಲಿ ಹೋಯಿತು ಅಂತ ಅಣ್ಣ ಕೇಳಿದ್ದ. ಅದರ ಕೆಳಗೆ ಅತ್ತೆಯ ಉತ್ತರ ಇತ್ತು.

"ಅದನ್ನು ಕಿತ್ತವನು ನೀನೇ. ನನ್ನ ಹತ್ತಿರ ಇದೆ. ಬಂದು ತಗೊಂಡು ಹೋಗು."